ದೆವ್ವಕ್ಕೊಂದು ಚೆಕ್ಕುಬಂದಿ

ಹಿರಿಯೂರಿನ ಪತ್ರ ಬರಹಗಾರರೊಬ್ಬರು ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ಕಾದಂಬರಿಕಾರ ಎಂದು ಕರೆದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಎರಡು ಸಲ ಕೆಮ್ಮಿದೆ, ಯಾರೂ ನನ್ನ ಕಡೆ ತಿರುಗಲಿಲ್ಲ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಯಾವುದು ಕಾದಂಬರಿ, ಯಾವುದು ಅಲ್ಲ ಎಂದು ಹೇಳುವ ಹಕ್ಕು ನನಗೆ ಇದ್ದೇ ಇದೆ. ಅವರು ಬರೆದದ್ದು ನಾನೂರು ಪುಟದ ಒಂದು ಕ್ರಯಪತ್ರ. ಅದರಲ್ಲಿ ಒಂದು ದೆವ್ವ ಇತ್ತು, ಅಷ್ಟೇ.

ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿಗೆ ತಗಡಿನ ಶೆಡ್ಡುಗಳ ಒಂದು ಸಾಲು ಇದೆ. ಜಮೀನು, ಮನೆ, ಸೈಟು ಕೊಳ್ಳುವವರು ಮಾರುವವರು ಮೊದಲು ಅಲ್ಲಿ ಪತ್ರ ಬರೆಸಿಕೊಂಡು ಆಮೇಲೆ ಕಚೇರಿಯ ಮೆಟ್ಟಿಲು ಹತ್ತಬೇಕು. ಆ ಸಾಲಿನ ಮೂರನೆಯ ಶೆಡ್ಡು ಅವರದು. ಪಕ್ಕದವರೆಲ್ಲ ಕಂಪ್ಯೂಟರ್ ಇಟ್ಟುಕೊಂಡು ಹತ್ತು ನಿಮಿಷಕ್ಕೊಂದು ಪತ್ರ ಹೊರಗೆ ತೆಗೆಯುವ ಕಾಲದಲ್ಲೂ ಇವರು ಮೊದಲು ಕೈಯಲ್ಲಿ ಬರೆಯಬೇಕು, ಓದಿ ಹೇಳಬೇಕು, ಆಮೇಲೆ ಟೈಪಿಗೆ ಕೊಡಬೇಕು. ಪಾರ್ಟಿಗಳು ಬಿಸಿಲಲ್ಲಿ ನಿಂತು ಬೈಯುತ್ತಿದ್ದರು. ಅವರಿಗೆ ಕೇಳಿಸುತ್ತಿರಲಿಲ್ಲ.

ಅವರ ಮಾತಿನಲ್ಲಿ ಎಡ ಬಲ ಇರಲಿಲ್ಲ. ದಿಕ್ಕುಗಳು ಮಾತ್ರ ಇದ್ದವು. ಮದುವೆ ಮನೆಯಲ್ಲಿ ಬಡಿಸುವವನಿಗೆ, ‘ಪಲ್ಯ ಅನ್ನದ ಪಶ್ಚಿಮಕ್ಕೆ ಹಾಕಪ್ಪ, ಸಾರು ಹರಿದು ಹೋಗ್ತೈತೆ’ ಎಂದದ್ದನ್ನು ನಾನೇ ಪಕ್ಕದ ಎಲೆಯಲ್ಲಿ ಕೂತು ಕೇಳಿದ್ದೇನೆ. ಹಲ್ಲುನೋವು ಬಂದಾಗ ಡಾಕ್ಟರ ಮುಂದೆ ಬಾಯಿ ತೆರೆದು ‘ಉತ್ತರದ ದವಡೆ’ ಎಂದರಂತೆ. ನಗುತ್ತಾ ಹೇಳಿದ್ದರೆ ಹಾಸ್ಯಪ್ರವೃತ್ತಿ ಎನ್ನಬಹುದಿತ್ತು. ಅವರು ನಗುತ್ತಿರಲಿಲ್ಲ.

ಇನ್ನೊಂದು ಚಾಳಿ, ಖಾಲಿ ಜಾಗ ಕಂಡರೆ ಆಗದು. ಪತ್ರದಲ್ಲಿ ಒಂದು ಸಾಲು ಅರ್ಧಕ್ಕೆ ನಿಂತರೆ ಉಳಿದ ಅರ್ಧಕ್ಕೆ ಗೀಟು ಎಳೆಯುತ್ತಾರಲ್ಲ, ಆಮೇಲೆ ಯಾರಾದರೂ ಏನಾದರೂ ಸೇರಿಸಿಬಿಟ್ಟಾರು ಎಂದು? ಅದನ್ನು ಇವರು ಮಗಳ ಲಗ್ನಪತ್ರಿಕೆಯಲ್ಲೂ ಮಾಡಿಸಿದರು. ವಧೂವರರ ಹೆಸರಿನ ಮುಂದೆ ಅಂಚಿನವರೆಗೂ ಗೀಟು. ಬೀಗರು ಏನಂದುಕೊಂಡರೋ, ಪಾಪ, ಮದುವೆ ಮಾತ್ರ ನಡೆಯಿತು.

ಇಂಥ ಮನುಷ್ಯ ಕಾದಂಬರಿ ಬರೆದದ್ದಕ್ಕೆ ಕಾರಣ ಸರ್ವರ್ ಡೌನ್. ಕಚೇರಿಯ ಕಂಪ್ಯೂಟರ್ ಕೈಕೊಟ್ಟ ದಿನ ನೋಂದಣಿ ಇಲ್ಲ, ಪಾರ್ಟಿಗಳು ಮನೆಗೆ ಹೋಗುತ್ತಾರೆ, ಉಳಿದ ಬರಹಗಾರರು ಟೀ ಅಂಗಡಿಗೆ ಹೋಗಾಣ ಎಂದು ಏಳುತ್ತಾರೆ. ಇವರು ಮಾತ್ರ ಉದ್ದನೆಯ ಹಾಳೆ ಎಳೆದುಕೊಂಡು ಬರೆಯಲು ಕೂರುತ್ತಿದ್ದರು. ಎರಡು ವರ್ಷದಲ್ಲಿ ಸರ್ವರ್ ಎಷ್ಟು ಸಲ ಕೆಟ್ಟಿತೆಂಬುದಕ್ಕೆ ಆ ಪುಸ್ತಕದ ದಪ್ಪವೇ ಸಾಕ್ಷಿ. ಅದರ ಹೆಸರನ್ನು ಇಲ್ಲಿ ಬರೆದು ಇನ್ನೊಬ್ಬ ಓದುಗನನ್ನು ಅದಕ್ಕೆ ಒದಗಿಸುವ ಇರಾದೆ ನನಗಿಲ್ಲ.

ಕಥೆ ಇಷ್ಟು. ಹಿರಿಯೂರು ಪೇಟೆಯಲ್ಲಿ ನಮ್ಮ ನಿಮ್ಮ ಜೊತೆಗೇ ದೆವ್ವಗಳೂ ಸಂಸಾರ ಮಾಡಿಕೊಂಡಿವೆ. ಒಬ್ಬ ಯಕ್ಷ ಹೊಸದುರ್ಗದ ರಸ್ತೆಯಲ್ಲಿ ಆಟೋ ಓಡಿಸುತ್ತಾನೆ. ಒಬ್ಬ ಬ್ರಹ್ಮರಾಕ್ಷಸ ಸರ್ಕಾರಿ ನೌಕರಿ ಪರೀಕ್ಷೆಗೆ ಕೋಚಿಂಗ್ ಕೊಡುತ್ತಾನೆ. ಇವುಗಳ ನಡುವೆ ಒಂದು ಹುಡುಗಿಯ ಕೊಲೆಯಾಗುತ್ತದೆ. ಅವಳು ಮೋಹಿನಿಯಾಗಿ ತಾನು ಸತ್ತ ಮನೆಯಲ್ಲೇ ನಿಲ್ಲುತ್ತಾಳೆ. ಕೊಲೆಯ ತನಿಖೆಗೆ ಬಂದ ಸರ್ಕಲ್ ಇನ್ಸ್‌ಪೆಕ್ಟರ್ ಮೇಲೆ ಅವಳಿಗೆ ಪ್ರೇಮ ಹುಟ್ಟುತ್ತದೆ, ಅವನಿಗೂ ಅವಳ ಮೇಲೆ. ಒಳ್ಳೆಯ ಕೈಗೆ ಸಿಕ್ಕಿದ್ದರೆ ಇದರಲ್ಲಿ ಏನಾದರೂ ಆಗುತ್ತಿತ್ತೇನೋ. ಇವರ ಕೈಯಲ್ಲಿ ಪ್ರೇಮ ನಿವೇದನೆ ಹೀಗೆ ಬಂತು:

‘ಸದರಿ ಮೋಹಿನಿಯು ತನ್ನ ಸ್ವಇಚ್ಛೆಯಿಂದ, ಯಾರ ಬಲವಂತಕ್ಕೂ ಒಳಗಾಗದೆ, ಸ್ವಸ್ಥಚಿತ್ತದಿಂದ ತನ್ನ ಹೃದಯವನ್ನು ಇನ್ಸ್‌ಪೆಕ್ಟರವರಿಗೆ ಒಪ್ಪಿಸಿರುತ್ತಾಳೆ. ಇನ್ನು ಮುಂದೆ ಅದರ ಮೇಲೆ ಅವಳಿಗಾಗಲಿ ಅವಳ ವಾರಸುದಾರರಿಗಾಗಲಿ ಯಾವುದೇ ಹಕ್ಕುಬಾಧ್ಯತೆ ಇರುವುದಿಲ್ಲ.’

ಸತ್ತ ಹುಡುಗಿ, ಮದುವೆಯಾಗದವಳು, ಅವಳಿಗೆ ವಾರಸುದಾರರು. ಕೊಲೆಗಾರ ಯಾರೆಂದು ಕಡೆಯವರೆಗೂ ಗೊತ್ತಾಗಬಾರದಷ್ಟೆ? ಇವರು ಮೊದಲನೇ ಪುಟದಲ್ಲೇ ಅವನ ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು ಎಲ್ಲ ಬರೆದುಬಿಟ್ಟಿದ್ದರು. ಯಾಕೆ ಹೀಗೆ ಮಾಡಿದಿರಿ ಎಂದು ಒಂದು ದಿನ ಕೇಳಿದೆ.

‘ಪಾರ್ಟಿ ಹೆಸ್ರು ಮುಚ್ಚಿಟ್ಟು ಪತ್ರ ಬರೆಯೋದು ಮೋಸ ಸಾರ್’ ಎಂದರು.

ಈಗ ನನ್ನ ಪಾತ್ರ. ಈ ತಾಲ್ಲೂಕಿನಲ್ಲಿ ಯಾರು ಪುಸ್ತಕ ಮಾಡಿದರೂ ಮುನ್ನುಡಿಗೆ ನನ್ನ ಮನೆಗೆ ಬರುತ್ತಾರೆ. ನಾನು ಪುಸ್ತಕ ಓದುವುದಿಲ್ಲ. ಓದಿದರೆ ಮುನ್ನುಡಿ ಬರೆಯಲು ಮನಸ್ಸು ಬರುವುದಿಲ್ಲ. ಪರಿವಿಡಿ ನೋಡುತ್ತೇನೆ, ನಡುವಿನ ಒಂದು ಪುಟ, ಕೊನೆಯ ಒಂದು ಪುಟ. ‘ಭರವಸೆಯ ಬರಹಗಾರ’ ಎಂಬ ಮಾತು ಎಲ್ಲರಿಗೂ ಹೊಂದುತ್ತದೆ. ಇನ್ನೊಂದು ವಾಕ್ಯವೂ ನನ್ನ ಹತ್ತಿರ ಸಿದ್ಧವಾಗಿ ಇರುತ್ತಿತ್ತು: ‘ಇಲ್ಲಿ ಬರುವ ಮನೆಯನ್ನು, ಬೀದಿಯನ್ನು, ಮನುಷ್ಯರನ್ನು ನಾನು ಕಣ್ಣಾರೆ ಕಂಡಿದ್ದೇನೆ.’ ಬರೆದವನು ಹಿಗ್ಗುತ್ತಾನೆ, ಯಾರಿಗೂ ನಷ್ಟವಿಲ್ಲ. ಇವರ ಪುಸ್ತಕಕ್ಕೂ ಅದನ್ನೇ ಬರೆದು ಕೊಟ್ಟೆ.

ಅಚ್ಚಾದ ಪುಸ್ತಕವನ್ನು ಅವರು ಮಾರಲಿಲ್ಲ. ಅವರ ಹತ್ತಿರ ಪತ್ರ ಬರೆಸಿದ ಪ್ರತಿಯೊಬ್ಬರಿಗೂ ಕ್ರಯಪತ್ರದ ಜೊತೆಗೆ ಒಂದು ಪ್ರತಿ. ಹೀಗೆ ಅದು ಬಬ್ಬೂರಿಗೆ ಹೋಯಿತು, ಹಿರೇಗುಂಟನೂರಿಗೆ ಹೋಯಿತು, ಹೊಳಲ್ಕೆರೆಯ ನೆಂಟರ ಮನೆಗಳಿಗೂ ಮುಟ್ಟಿತು. ಪ್ರತಿಯೊಂದು ಪ್ರತಿಯ ಪ್ರತಿಯೊಂದು ಪುಟದ ಕೆಳಗೂ ಅವರ ಸಹಿ ಇತ್ತು, ಪತ್ರದ ಪ್ರತಿ ಪುಟಕ್ಕೂ ಪಾರ್ಟಿಗಳು ಹಾಕುವ ಹಾಗೆ. ಅಧ್ಯಾಯ ಮುಗಿದಲ್ಲಿ ಉಳಿದ ಖಾಲಿ ಜಾಗಕ್ಕೆ ಗೀಟು ಎಳೆದಿತ್ತು.

ನಮ್ಮ ಕಡೆ ಜನ ಪುಸ್ತಕ ಓದುವುದಿಲ್ಲ ಎಂದು ನಾನು ಸಮಾಧಾನದಿಂದ ಇದ್ದೆ. ಆದರೆ ಆಗ ತಾನೇ ಸೈಟು ಕೊಂಡವರು ಒಂದನ್ನು ಮಾತ್ರ ಕಣ್ಣಿಟ್ಟು ಓದುತ್ತಾರೆ. ಅದು ಚೆಕ್ಕುಬಂದಿ. ಆಸ್ತಿಯ ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ, ಉತ್ತರಕ್ಕೆ, ದಕ್ಷಿಣಕ್ಕೆ ಏನಿದೆ ಎಂಬ ನಾಲ್ಕು ಸಾಲು. ಅದೊಂದು ತಪ್ಪಿದರೆ ಮನೆಯೇ ಇನ್ನೊಬ್ಬರದಾಗುತ್ತದೆ. ಈ ಮಹಾಶಯರು ಕಾದಂಬರಿಯಲ್ಲಿ ಕೊಲೆ ನಡೆದ ಮನೆಗೂ ಚೆಕ್ಕುಬಂದಿ ಬರೆದಿದ್ದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇವಿನ ಮರವುಳ್ಳ ಖಾಲಿ ನಿವೇಶನ, ಉತ್ತರಕ್ಕೆ ಹಿಟ್ಟಿನ ಗಿರಣಿ, ದಕ್ಷಿಣಕ್ಕೆ ಓಣಿ. ಈ ಮಧ್ಯೆ ಇರುವ, ನೆಲದೊಳಗೆ ನೀರಿನ ಸಂಪು ಉಳ್ಳ, ಪೂರ್ವದ ಬಾಗಿಲಿನ ಆರ್‌ಸಿಸಿ ಮನೆ. ಆ ಸಂಪಿನಲ್ಲಿ ಹುಡುಗಿಯ ಹೆಣ.

ಒಂದು ಬೆಳಿಗ್ಗೆ ಗಂಗಮ್ಮ ಎಂಬುವರು ನನ್ನ ಮನೆಗೆ ಬಂದರು. ಹಿಟ್ಟಿನ ಗಿರಣಿಯ ಪಕ್ಕ ಮನೆ, ಹೊಲಿಗೆ ಕ್ಲಾಸು ನಡೆಸುತ್ತಾರೆ. ಹೊಲಿದು ಹೊಲಿದೇ ಆ ಮನೆ ಕೊಂಡವರು. ಕೈಯಲ್ಲಿ ಆ ಪುಸ್ತಕ ಇತ್ತು.

‘ಕುಂತ್ಕಳ್ರಿ’ ಎಂದೆ.

ಅವರು ಕೂರಲಿಲ್ಲ. ‘ಮೇಷ್ಟ್ರೇ, ನೀವು ನಮ್ಮನೆಗೆ ಯಾವಾಗ ಬಂದಿದ್ರಿ?’

‘ಬಂದಿಲ್ಲವಲ್ಲಮ್ಮ.’

‘ಕಣ್ಣಾರೆ ಕಂಡೀನಿ ಅಂತ ಬರ್ದಿದ್ದೀರಿ ಇಲ್ಲಿ.’

ಆಮೇಲೆ ವಿಷಯ ಹೇಳಿದರು. ಕ್ಲಾಸಿಗೆ ಬರುವ ಹುಡುಗಿಯರು ಮೊದಲು ಆ ಮನೆಯ ನೀರು ಕುಡಿಯುವುದು ಬಿಟ್ಟರು, ಬಾಟಲಿ ತರತೊಡಗಿದರು. ಆಮೇಲೆ ಕೈ ತೊಳೆಯುವುದಕ್ಕೂ ಗಿರಣಿಯ ನಲ್ಲಿಗೆ ಹೋದರು. ಆಮೇಲೆ ಬರುವುದನ್ನೇ ನಿಲ್ಲಿಸಿದರು. ಹದಿನಾಲ್ಕು ಜನರಲ್ಲಿ ಮೂವರು ಉಳಿದಿದ್ದರು.

‘ದೆವ್ವ ಐತೆ ಅಂತ ನಂಬಿದ್ದಾರೇನಮ್ಮ ಜನ? ಅದು ಕಥೆ.’

‘ಯಾರೂ ನಂಬಿಲ್ಲ ಮೇಷ್ಟ್ರೇ. ದೆವ್ವ ಗಿವ್ವ ಎಲ್ಲ ಸುಳ್ಳು ಅಂತಾನೇ ಅಂತಾರೆ. ಆದ್ರೂ ಹೆಣ್ಮಕ್ಳು, ಯಾಕೆ ಬೇಕು, ಬೇರೆ ಕಡೆನೂ ಕ್ಲಾಸ್ ಅವೆ ಅಂತಾರೆ. ಪಕ್ಕಾ ಚೆಕ್ಕುಬಂದಿ ಬರ್ದವ್ರೆ, ಸುಮ್ನೆ ಬರೀತಾರಾ ಅಂತಾರೆ.’ ಪುಸ್ತಕವನ್ನು ಟೀಪಾಯಿ ಮೇಲೆ ಇಟ್ಟರು. ‘ನನ್ನ ಹೆಸ್ರಿಗೆ ಅಂತ ಈ ಭೂಮಿ ಮ್ಯಾಲೆ ಇರೋದು ಆ ಮನೆ ಒಂದೇ. ಕ್ಲಾಸ್ ನಿಂತ್ರೆ ಅದನ್ನೂ ಮಾರ್ಬೇಕು. ಮಾರಾಕೆ ಹೋದ್ರೂ ಕೊಳ್ಳೋರು ಇದನ್ನೇ ಓದಿರ್ತಾರೆ.’

ನನಗೆ ಆ ಮನುಷ್ಯನ ಮೇಲೆ ಎಂಥ ಸಿಟ್ಟು ಬಂತೆಂದರೆ ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಹೊರಟೆ. ಇಬ್ಬರೂ ಆಟೋದಲ್ಲಿ ಶೆಡ್ಡಿಗೆ ಹೋದೆವು.

ವಿಷಯ ಕೇಳಿದ ಕೂಡಲೇ ಅವರು ಮಾಡಿದ ಮೊದಲ ಕೆಲಸ, ಹಳೆಯ ಕರಡು ಪ್ರತಿಗಳ ಕಟ್ಟು ಬಿಚ್ಚಿದ್ದು. ಬೆರಳಿಗೆ ಎಂಜಲು ಹಚ್ಚಿ ತಿರುವಿ ತಿರುವಿ ಗಂಗಮ್ಮನ ಕ್ರಯಪತ್ರದ ಕರಡು ಹೊರಗೆ ತೆಗೆದರು. ಪುಸ್ತಕದ ಏಳನೇ ಅಧ್ಯಾಯವನ್ನು ಅದರ ಪಕ್ಕದಲ್ಲಿಟ್ಟು ಒಂದೊಂದೇ ದಿಕ್ಕಿಗೆ ಬೆರಳಿಟ್ಟು ತಾಳೆ ನೋಡಿದರು.

‘ಏನೂ ತಪ್ಪಿಲ್ಲವಲ್ಲಮ್ಮ’ ಎಂದರು. ಮುಖದಲ್ಲಿ ಹೆಮ್ಮೆ ಇತ್ತು.

‘ತಪ್ಪಿಲ್ಲ, ಅದಕ್ಕೇ ಬಂದೀನಿ’ ಎಂದರು ಗಂಗಮ್ಮ.

ನಾನು ತಡೆಯಲಾರದೆ ಹೇಳಿದೆ. ಸ್ವಾಮಿ, ಕಥೆ ಎಂದರೆ ಇಲ್ಲದ ಮನೆ ಕಟ್ಟುವುದು. ಇಲ್ಲದ ಊರು, ಇಲ್ಲದ ಬೀದಿ ಹುಟ್ಟಿಸಬೇಕು. ಇದು ಹೈಸ್ಕೂಲು ಹುಡುಗರಿಗೂ ಗೊತ್ತು. ನೀವು ಇನ್ನೊಬ್ಬರ ಮನೆ ಎತ್ತಿ ತಂದು ಅದರೊಳಗೆ ಹೆಣ ಹಾಕಿದ್ದೀರಿ.

‘ಇಲ್ಲದ ಆಸ್ತಿಗೆ ಚೆಕ್ಕುಬಂದಿ ಹೆಂಗೆ ಬರೀಲಿ ಸಾರ್?’ ನಿಜಕ್ಕೂ ದಿಗಿಲು ಬಿದ್ದವರಂತೆ ಕೇಳಿದರು. ‘ಮೂವತ್ತೈದು ವರ್ಷ ಆಯ್ತು. ಒಂದು ಸಲಾನೂ ಬರ್ದಿಲ್ಲ. ಕೈ ಓಡಲ್ಲ. ಅದಕ್ಕೇ ಹಳೇದ್ರಾಗಿಂದ ಒಂದು ತಗಂಡೆ. ಮಾಲೀಕ್ರ ಹೆಸ್ರು ಬದ್ಲಾಯ್ಸಿದ್ನಲ್ಲ.’

ಇಂಥವರಿಗೆ ಏನು ಹೇಳುವುದು? ಬ್ರಹ್ಮರಾಕ್ಷಸನಿಗೆ ಕೋಚಿಂಗ್ ಕ್ಲಾಸು ಇಟ್ಟುಕೊಡುವಷ್ಟು ಕಲ್ಪನೆ ಇತ್ತು. ಒಂದು ಸುಳ್ಳು ಗೋಡೆ ಎಬ್ಬಿಸುವಷ್ಟು ಇರಲಿಲ್ಲ. ನಾನೇ ದಾರಿ ಸೂಚಿಸಿದೆ. ಇದೆಲ್ಲ ಕೇವಲ ಕಾಲ್ಪನಿಕ ಎಂದು ಒಂದು ಚೀಟಿ ಅಚ್ಚು ಹಾಕಿಸಿ ಪುಸ್ತಕಗಳಿಗೆ ಅಂಟಿಸಿ, ಎಲ್ಲರೂ ಹಾಗೇ ಮಾಡುತ್ತಾರೆ.

‘ಅದನ್ನ ಯಾರು ನಂಬ್ತಾರೆ ಸಾರ್? ಈವಮ್ಮನ ಮನೆ ಕಾಲ್ಪನಿಕ ಅಂತ ಬರ್ಯಾಕಾಗ್ತೈತಾ? ಕಣ್ಮುಂದೆ ಐತೆ.’ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ‘ಚೆಕ್ಕುಬಂದಿ ತಪ್ಪಿದ್ರೆ ತಿದ್ದುಪಡಿ ಪತ್ರ ಮಾಡ್ತಾರೆ. ಅದೊಂದೇ ದಾರಿ. ತಪ್ಪಿದ್ದನ್ನ ತೆಗೆದು ಸರಿಯಾದ್ದು ಹಾಕ್ಬೇಕು. ಸುಮ್ನೆ ತೆಗೆದು ಖಾಲಿ ಬಿಡಂಗಿಲ್ಲ.’

‘ಮತ್ತೆ ಯಾರ ಮನೆ ಹಾಕ್ತೀರಿ?’ ಎಂದೆ. ನನ್ನ ದನಿಯಲ್ಲಿ ವ್ಯಂಗ್ಯವಿತ್ತು.

ಅವರು ಹಾಳೆ ಎಳೆದುಕೊಂಡು ಬರೆಯತೊಡಗಿದರು. ಗಂಗಮ್ಮ ಬೆಂಚಿನ ತುದಿಯಲ್ಲಿ ಕೂತರು. ಅರ್ಧ ಗಂಟೆಯಾದ ಮೇಲೆ ರೂಢಿಯಂತೆ ಓದಿ ಹೇಳಿದರು: ‘ಸದರಿ ಕಾದಂಬರಿಯ ಏಳನೇ ಅಧ್ಯಾಯದಲ್ಲಿ ಚೆಕ್ಕುಬಂದಿಯು ಕಣ್ತಪ್ಪಿನಿಂದ ತಪ್ಪಾಗಿ ನಮೂದಾಗಿರುತ್ತದೆ. ಸದರಿ ಕೊಲೆಯೂ ಸದರಿ ಮೋಹಿನಿಯ ವಾಸವೂ ಈ ಕೆಳಕಂಡ ಮನೆಯಲ್ಲಿ ಎಂದು ಓದಿಕೊಳ್ಳತಕ್ಕದ್ದು. ಸಂಪು ಎಂದಿರುವಲ್ಲೆಲ್ಲ ಮಹಡಿಯ ಮೇಲಿನ ನೀರಿನ ಟ್ಯಾಂಕು ಎಂದು ಓದಿಕೊಳ್ಳತಕ್ಕದ್ದು.’ ಕೆಳಗೆ ನಾಲ್ಕು ದಿಕ್ಕು. ಪೂರ್ವಕ್ಕೆ ಸೌದೆ ಡಿಪೋ, ಪಶ್ಚಿಮಕ್ಕೆ ರಸ್ತೆ ಎನ್ನುವಾಗ ನನಗೆ ಗೊತ್ತಾಯಿತು. ಅದು ಅವರ ಸ್ವಂತ ಮನೆ.

‘ಮನೆಯಲ್ಲಿ ಕೇಳಬೇಡವೇ?’ ಎಂದೆ.

‘ಮನೆ ನನ್ನ ಹೆಸ್ರಿಗೆ ಐತೆ ಸಾರ್. ಸಾಕ್ಷಿಗೆ ಸಹಿ ಹಾಕ್ರಿ.’

ಹಾಕಿದೆ. ಒಳಗೊಳಗೇ ನಗು ಬರುತ್ತಿತ್ತು. ನಿಮ್ಮ ಮುನ್ನುಡಿಯಲ್ಲೂ ಒಂದು ಸಾಲು ತಿದ್ದಬೇಕೇನು ಎಂದು ಅವರು ಕೇಳಿದರು. ಅದು ಹಾಗೇ ಇರಲಿ ಬಿಡಿ, ಅಷ್ಟಕ್ಕೆಲ್ಲ ಯಾಕೆ ಎಂದೆ.

ಮುಂದಿನ ಆರು ತಿಂಗಳು ಆ ಮನುಷ್ಯ ಅಂಟಿನ ಡಬ್ಬಿ ಹಿಡಿದು ಊರೂರು ತಿರುಗಿದರು. ಯಾರು ಯಾರಿಗೆ ಪುಸ್ತಕ ಕೊಟ್ಟದ್ದು ಎಂಬ ಪಟ್ಟಿ ಇಟ್ಟಿದ್ದರು, ಇಡದೆ ಇರುತ್ತಾರೆಯೇ. ಸರ್ಕಾರಿ ಬಸ್ಸಿನಲ್ಲಿ ಹೋಗುವುದು, ಬಾಗಿಲು ತಟ್ಟುವುದು, ಪುಸ್ತಕ ತರ್ರಿ ಎನ್ನುವುದು, ಏಳನೇ ಅಧ್ಯಾಯದ ಮೇಲೆ ಚೀಟಿ ಅಂಟಿಸಿ ಅದರ ಅಂಚಿಗೆ ಸಹಿ ಹಾಕಿ ಬರುವುದು. ಹಿರೇಗುಂಟನೂರಿನ ಒಂದು ಮನೆಯಲ್ಲಿ ಪುಸ್ತಕದ ಹಾಳೆಗಳಲ್ಲಿ ಮೆಣಸಿನಪುಡಿ ಪೊಟ್ಟಣ ಕಟ್ಟಿ ಮುಗಿಸಿದ್ದರಂತೆ. ಆದರೂ ಅವರ ಕೈಗೆ ಚೀಟಿ ಕೊಟ್ಟು, ಓದಿ ಹೇಳಿ ಬಂದರಂತೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನು ಅಭಿನಯಿಸಿ ತೋರಿಸಿ ನಾನು ಎಷ್ಟೋ ಜನರನ್ನು ನಗಿಸಿದ್ದೇನೆ. ಅಂಟಿನ ಡಬ್ಬಿಯ ಮುಚ್ಚಳ ತೆಗೆಯುವುದನ್ನು ನಾನು ಬಹಳ ಚೆನ್ನಾಗಿ ಮಾಡುತ್ತಿದ್ದೆ.

ಗಂಗಮ್ಮನ ಕ್ಲಾಸಿಗೆ ಹುಡುಗಿಯರು ಒಬ್ಬೊಬ್ಬರೇ ವಾಪಸು ಬಂದರು. ಸಂತೆಯಲ್ಲಿ ಸಿಕ್ಕಾಗ ಗಂಗಮ್ಮ ಹೇಳಿದರು, ‘ನಿನ್ನೆ ಒಬ್ಬಳು ನಮ್ಮನೆ ನೀರು ಕೇಳಿ ಇಸ್ಕಂಡು ಕುಡುದ್ಲು ಮೇಷ್ಟ್ರೇ.’ ಅವರ ಕಣ್ಣು ತುಂಬಿತ್ತು. ನನಗೂ ಸಂತೋಷವಾಯಿತು. ಅವತ್ತೂ ಆ ಪತ್ರ ಬರಹಗಾರರನ್ನು ಕಂಡು ಒಂದು ಒಳ್ಳೆಯ ಮಾತು ಹೇಳಬೇಕೆಂದು ನನಗೆ ತೋಚಲಿಲ್ಲ.

ಅವರು ತೀರಿಕೊಂಡ ಮೇಲೆ, ಸಭೆ ಮುಗಿದ ವಾರಕ್ಕೆ, ಅವರ ಹೆಂಡತಿ ಹೇಳಿ ಕಳಿಸಿದರು. ಹೋದೆ. ಗಟ್ಟಿ ಹೆಂಗಸು. ಗಂಡ ಹೋದ ದುಃಖ ಇತ್ತು, ಆದರೆ ಮಾತಿನಲ್ಲಿ ನೀರು ಬೆರೆಸಲಿಲ್ಲ. ಮಹಡಿಯ ಮೇಲಿನ ಬಾಡಿಗೆ ಮನೆಗೆ ಬೀಗ ಹಾಕಿತ್ತು. ಆ ಚೀಟಿ ಊರಿಗೆಲ್ಲ ಮುಟ್ಟಿದ ಮೇಲೆ ಮೇಲಿನವರು ಖಾಲಿ ಮಾಡಿದರು, ಅಂದಿನಿಂದ ಯಾರೂ ಬಂದಿಲ್ಲ.

‘ಕೇಳ್ದೋರೆಲ್ಲ ಟ್ಯಾಂಕಿನ ಮಾತೇ ಎತ್ತುತಾರೆ’ ಎಂದರು. ‘ಇವ್ರು ಇದ್ದಾಗ ಸಂಪಾದ್ನೆ ಇತ್ತು, ನಡೀತು. ಬೈದೆ ನಾನು, ಬೈದಿಲ್ಲ ಅನ್ನಲ್ಲ. ಊರ ಹೆಣನೆಲ್ಲ ನಮ್ಮನೆ ಮ್ಯಾಲೇ ಯಾಕೆ ಹೊತ್ಕಂಡ್ರಿ ಅಂದೆ. ಆ ಹುಡ್ಗೀನ ಅವ್ರ ಸಂಪಿಗೆ ಹಾಕಿದ್ದು ನಾನೇ, ನಾನಲ್ದೆ ಯಾರು ತೆಗೀಬೇಕು ಅಂದ್ರು. ಅದಕ್ಕೆ ನಾನೇನು ಹೇಳ್ಳಿ? ಈಗ ಆ ಬಾಡಿಗೆ ಬಂದ್ರೇ ನನಗೆ ಊಟ.’

ಅಯ್ಯೋ ಅನ್ನಿಸಿತು. ‘ನಾನೇ ಇನ್ನೊಂದು ಚೀಟಿ ಬರೆಸುತ್ತೇನಮ್ಮ’ ಎಂದೆ. ‘ಇಲ್ಲಿ ಏನೂ ನಡೆದಿಲ್ಲ ಅಂತ.’

‘ಖಾಲಿ ಬಿಡಂಗಿಲ್ಲ ಅಂತಿದ್ರು ಅವ್ರು.’

‘ಹೌದು.’

‘ಮುನ್ನುಡೀಲಿ, ಮನೇನ ಕಣ್ಣಾರೆ ಕಂಡೀನಿ ಅಂತ ನೀವೇ ಬರ್ದಿದ್ದೀರಿ. ಈಗ್ಲೂ ಹಂಗೇ ಐತೆ, ನೋಡ್ದೆ.’ ಅವರು ಒಳಗೆ ಹೋಗಿ ಗಂಡನ ಉದ್ದನೆಯ ಹಾಳೆಗಳಲ್ಲಿ ಒಂದನ್ನು, ಒಂದು ಪೆನ್ನನ್ನು ತಂದು ನನ್ನ ಮುಂದಿಟ್ಟರು. ‘ನಿಮ್ಮನೆ ಬಾಗ್ಲು ಯಾವ ದಿಕ್ಕಿಗೆ ಮೇಷ್ಟ್ರೇ?’

‘ಪೂರ್ವಕ್ಕೆ’ ಎಂದೆ.

‘ಪಶ್ಚಿಮಕ್ಕೆ ಏನೈತೆ?’

ಪಶ್ಚಿಮಕ್ಕೆ ಏನಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಉತ್ತರಕ್ಕೂ ಗೊತ್ತಿತ್ತು, ದಕ್ಷಿಣಕ್ಕೂ ಗೊತ್ತಿತ್ತು. ಮನೆಯಲ್ಲಿ ಒಂದು ಮಾತು ಕೇಳಿ ಬಂದು ಬರೆಯುತ್ತೇನೆ ಎಂದು ಹೇಳಿ ಎದ್ದೆ. ಆಕೆ ಹಾಳೆಯನ್ನು ತೆಗೆದಿಡಲಿಲ್ಲ.

ಇದಾಗಿ ನಾಲ್ಕು ತಿಂಗಳಾಯಿತು. ನಾನು ಮನೆಯಲ್ಲಿ ಇನ್ನೂ ಕೇಳಿಲ್ಲ.